ಹೊಟ್ಟೆಯೋ ಎದೆಯೋ? ಉಸಿರಿನ ಸ್ನಾಯುಗಳನ್ನು ಸರಿಯಾಗಿ ದುಡಿಸುವ ಬಗೆ

ಚೆನ್ನೈನಲ್ಲಿ ಪ್ರಾಣಾಯಾಮ ಕಲಿಯಲು ಹೊರಟವರಿಗೆ ಮೊದಲ ವಾರದಲ್ಲೇ ಒಂದು ಗೊಂದಲ ಎದುರಾಗುತ್ತದೆ. ಒಂದು ತರಗತಿಯಲ್ಲಿ ‘ಉಸಿರು ಎಳೆದುಕೊಳ್ಳುವಾಗ ಹೊಟ್ಟೆ ಉಬ್ಬಲಿ, ಎದೆ ಅಲುಗಬಾರದು’ ಎನ್ನುತ್ತಾರೆ. ನಾಲ್ಕು ಬೀದಿ ಆಚೆಗಿನ ಇನ್ನೊಂದು ತರಗತಿಯಲ್ಲಿ ‘ಮೊದಲು ಎದೆ ತುಂಬಲಿ, ಹೊಟ್ಟೆ ತುಸು ಒಳಗೇ ಇರಲಿ’ ಎನ್ನುತ್ತಾರೆ. ಎರಡನ್ನೂ ಒಟ್ಟಿಗೆ ಮಾಡಲು ಹೋದವರ ಹೆಗಲು ನೋಯುತ್ತದೆ, ತಲೆ ದಿಮ್ಮೆನ್ನುತ್ತದೆ, ‘ಇದು ನನ್ನಿಂದಾಗದು’ ಎಂದು ಬಿಟ್ಟುಬಿಡುತ್ತಾರೆ. ನಿಮಗೂ ಹೀಗೆ ಆಗಿದ್ದರೆ ಮುಂದಿನ ಮಾತುಗಳು ನಿಮಗಾಗಿಯೇ.

ಆರೋಗ್ಯವಂತರ ಮಟ್ಟಿಗೆ ಇಬ್ಬರು ಗುರುಗಳ ಮಾತೂ ನಡೆಯುತ್ತದೆ. ಹೊಟ್ಟೆ ಉಬ್ಬಿತೋ ಇಲ್ಲವೋ ಎಂಬುದರಿಂದ ಉಸಿರು ಸರಿಯಾಯಿತೋ ಇಲ್ಲವೋ ಎಂದು ಹೇಳಲು ಬರುವುದಿಲ್ಲ. ನೋಡಬೇಕಾದದ್ದು ಕತ್ತನ್ನು, ಕೆಳಗಿನ ಪಕ್ಕೆಲುಬುಗಳನ್ನು, ಮತ್ತು ಉಸಿರು ಬಿಡಲು ನೀವು ತೆಗೆದುಕೊಳ್ಳುವ ಹೊತ್ತನ್ನು.

ಎದೆಯಿಂದ ಶುರುಮಾಡುವ ಕ್ರಮವನ್ನು ಈ ಊರಿನಲ್ಲಿ ಪಾಠವಾಗಿ ಕಲಿಸಿದವರು ಟಿ.ಕೆ.ವಿ. ದೇಶಿಕಾಚಾರ್. ಅವರ ತಂದೆ ತಿರುಮಲೈ ಕೃಷ್ಣಮಾಚಾರ್ಯರು ನಮ್ಮ ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದವರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು, 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲೇ ಬರೆದರು. 1950ರ ದಶಕದಲ್ಲಿ ಮದರಾಸಿಗೆ ಬಂದು ನೆಲೆಸಿ 1989ರಲ್ಲಿ ಇಲ್ಲೇ ತೀರಿಕೊಂಡರು. ಕೃಷ್ಣಮಾಚಾರ್ಯ ಯೋಗ ಮಂದಿರಂ ಅನ್ನು ಮಗ 1976ರಲ್ಲಿ ಇದೇ ಊರಿನಲ್ಲಿ ಕಟ್ಟಿದರು. ಉಸಿರು ತುಂಬುವಾಗ ಎದೆಯಿಂದ ಕೆಳಕ್ಕೆ, ಬಿಡುವಾಗ ಹೊಟ್ಟೆಯಿಂದ ಮೇಲಕ್ಕೆ ಎಂಬುದು ದೇಶಿಕಾಚಾರ್ ಅವರ ಪಾಠ. ಹೊಟ್ಟೆ ಉಬ್ಬಿಸುವ ಪಾಠಕ್ಕೆ ಇದು ತದ್ವಿರುದ್ಧವಾಗಿ ಕಾಣುತ್ತದೆ. ಆದರೆ ಒಳಗೆ ದುಡಿಯುವ ಸ್ನಾಯು ಎರಡರಲ್ಲೂ ಒಂದೇ.

ಒಳಗೆ ದುಡಿಯುವುದು ಯಾವುದು?

ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿ ಇಲ್ಲ. ಅದನ್ನು ಹಿಗ್ಗಿಸುವ ಮುಖ್ಯ ಸ್ನಾಯು ವಪೆ, ವೈದ್ಯರ ಬಾಯಲ್ಲಿ ಡಯಾಫ್ರಂ. ಎದೆಗೂಡಿಗೂ ಹೊಟ್ಟೆಗೂ ನಡುವೆ ಗುಮ್ಮಟದ ಆಕಾರದಲ್ಲಿ ಹರಡಿಕೊಂಡು, ಎದೆಯೆಲುಬಿನ ತುದಿ, ಕೆಳಗಿನ ಆರು ಪಕ್ಕೆಲುಬು ಮತ್ತು ಸೊಂಟದ ಬೆನ್ನೆಲುಬಿಗೆ ಅಂಟಿಕೊಂಡಿದೆ. ವಪೆ ಬಿಗಿದಾಗ ಗುಮ್ಮಟ ಕೆಳಗಿಳಿಯುತ್ತದೆ, ಎದೆಗೂಡಿನೊಳಗೆ ಜಾಗ ಹೆಚ್ಚುತ್ತದೆ, ಗಾಳಿ ತಾನಾಗಿ ಒಳಬರುತ್ತದೆ. ಸುಮ್ಮನೆ ಕುಳಿತಿರುವಾಗ ಅದು ಇಳಿಯುವುದು 1ರಿಂದ 2 ಸೆಂಟಿಮೀಟರ್ ಅಷ್ಟೆ. ಆಳವಾದ ಉಸಿರಿನಲ್ಲಿ 7 ಸೆಂಟಿಮೀಟರ್ ದಾಟಬಹುದು.

ಕೆಳಗಿಳಿದ ವಪೆ ಜಠರ, ಯಕೃತ್ತು, ಕರುಳುಗಳನ್ನು ಒತ್ತುತ್ತದೆ. ಹೊಟ್ಟೆಯ ಸ್ನಾಯು ಸಡಿಲವಾಗಿದ್ದರೆ ಅವು ಮುಂದಕ್ಕೆ ಜರುಗುತ್ತವೆ, ಹೊಟ್ಟೆ ಉಬ್ಬುತ್ತದೆ. ಹೊಟ್ಟೆಯನ್ನು ತುಸು ಬಿಗಿಯಾಗಿ ಇಟ್ಟುಕೊಂಡರೆ ಅವು ಜರುಗಲಾರದೆ ವಪೆಗೇ ಆಧಾರವಾಗುತ್ತವೆ. ಆಗ ವಪೆಯ ಎಳೆಗಳು ಆ ಆಧಾರದ ಮೇಲೆ ನಿಂತು ಕೆಳಗಿನ ಪಕ್ಕೆಲುಬುಗಳನ್ನು ಮೇಲಕ್ಕೂ ಹೊರಕ್ಕೂ ಎತ್ತುತ್ತವೆ. ಬಕೆಟ್ಟಿನ ಹಿಡಿಯನ್ನು ಎತ್ತಿದಾಗ ಅದು ಪಕ್ಕಕ್ಕೆ ಸರಿದು ಮೇಲೇಳುತ್ತದಲ್ಲ, ಪಕ್ಕೆಲುಬು ಏಳುವುದೂ ಹಾಗೆಯೇ. ಒಬ್ಬ ಗುರು ಹೊಟ್ಟೆ ತೋರಿಸುತ್ತಾರೆ, ಇನ್ನೊಬ್ಬರು ಪಕ್ಕೆ ತೋರಿಸುತ್ತಾರೆ. ದುಡಿದದ್ದು ಅದೇ ವಪೆ.

ವಪೆಗೆ ಜೊತೆಗಾರರೂ ಇದ್ದಾರೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳು, ಕತ್ತಿನ ಆಳದಲ್ಲಿರುವ ಸ್ಕೇಲೀನ್ ಸ್ನಾಯುಗಳು ನಾವು ಸುಮ್ಮನೆ ಕುಳಿತಿದ್ದಾಗಲೂ ಪ್ರತಿ ಉಸಿರಿಗೂ ಸ್ವಲ್ಪ ದುಡಿಯುತ್ತವೆ. ಆದ್ದರಿಂದ ‘ಎದೆ ಅಲುಗಲೇಬಾರದು’ ಎಂಬ ಕಟ್ಟಪ್ಪಣೆಗೆ ಶರೀರಶಾಸ್ತ್ರದ ಬೆಂಬಲ ಇಲ್ಲ. ಆದರೆ ಕಿವಿಯ ಹಿಂದಿನಿಂದ ಕೊರಳೆಲುಬಿನವರೆಗೆ ಓರೆಯಾಗಿ ಇಳಿಯುವ, ಮುಖ ತಿರುಗಿಸಿದಾಗ ಉಬ್ಬಿ ಕಾಣುವ ದಪ್ಪ ಸ್ನಾಯು ಇದೆಯಲ್ಲ, ಅದು ವಿಶ್ರಾಂತಿಯ ಉಸಿರಿನಲ್ಲಿ ಸುಮ್ಮನಿರುತ್ತದೆ. ಓಡಿದಾಗ, ದಮ್ಮು ಕಟ್ಟಿದಾಗ, ಅತಿ ಆಳವಾಗಿ ಎಳೆದುಕೊಂಡಾಗ ಮಾತ್ರ ಸಹಾಯಕ್ಕೆ ಬರುತ್ತದೆ. ಬೆಳಿಗ್ಗೆ ಮೈಲಾಪುರದ ನಾಗೇಶ್ವರ ರಾವ್ ಪಾರ್ಕಿನ ಬೆಂಚುಗಳ ಮೇಲೆ ಪ್ರಾಣಾಯಾಮಕ್ಕೆ ಕುಳಿತವರನ್ನು ನೋಡಿ. ಕಣ್ಣು ಮುಚ್ಚಿದೆ, ಬೆನ್ನು ನೆಟ್ಟಗಿದೆ, ಆದರೆ ಉಸಿರು ಎಳೆದಾಗಲೆಲ್ಲ ಹೆಗಲು ಕಿವಿಯತ್ತ ಏರುತ್ತದೆ, ಗಂಟಲ ಗುಳಿಯ ಎರಡೂ ಬದಿಯಲ್ಲಿ ಆ ಸ್ನಾಯುಗಳು ಸೆಟೆದು ನಿಲ್ಲುತ್ತವೆ. ಶ್ರದ್ಧೆಯಿಂದಲೇ ಮಾಡುತ್ತಿರುತ್ತಾರೆ, ಆದರೆ ದುಡಿಮೆ ಬೇಡದ ಸ್ನಾಯುವಿಗೆ ಬಿದ್ದಿದೆ. ತರಗತಿ ಮುಗಿದ ಮೇಲೆ ಕತ್ತು ನೋವು ಎನ್ನುವವರಲ್ಲಿ ಇಂಥವರೇ ಹೆಚ್ಚು.

ಇನ್ನು ಉಸಿರು ಬಿಡುವುದು. ವಿಶ್ರಾಂತಿಯಲ್ಲಿ ಅದಕ್ಕೆ ಯಾವ ಸ್ನಾಯುವೂ ಬೇಕಿಲ್ಲ, ಹಿಗ್ಗಿದ ಶ್ವಾಸಕೋಶ ತಾನೇ ಕುಗ್ಗುತ್ತದೆ. ಕೆಮ್ಮಿದಾಗ, ಊದಿದಾಗ, ಕಪಾಲಭಾತಿ ಮಾಡಿದಾಗ ಹೊಟ್ಟೆಯ ಸ್ನಾಯುಗಳು ಬಿಗಿದು ಗಾಳಿಯನ್ನು ತಳ್ಳುತ್ತವೆ. ಹಾಡುವವರ ವಿಷಯ ಇನ್ನೂ ಸೊಗಸಾದದ್ದು. ಮಾರ್ಗಳಿಯ ಕಚೇರಿಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತು, ದೀರ್ಘವಾದ ಸಂಗತಿಯೊಂದಕ್ಕೆ ಮುಂಚೆ ನುರಿತ ಗಾಯಕಿಯ ಕತ್ತನ್ನು ನೋಡಿ: ಅಲುಗುವುದಿಲ್ಲ. ತುಂಬಿದ ಎದೆ ತಾನಾಗಿ ಕುಗ್ಗಲು ಹವಣಿಸುತ್ತಿರುವಾಗ, ಉಸಿರು ಎಳೆದುಕೊಳ್ಳುವ ಸ್ನಾಯುಗಳೇ ಅದನ್ನು ತಡೆಹಿಡಿದು ಗಾಳಿಯನ್ನು ನಿಧಾನವಾಗಿ ಬಿಡುತ್ತವೆ. ಸಾಲಿನ ಕೊನೆಗೆ ಬಂದಾಗಷ್ಟೇ ಹೊಟ್ಟೆಯ ಸ್ನಾಯುಗಳ ಸರದಿ. ನಿಧಾನವಾಗಿ ಉಸಿರು ಬಿಡುವ ಅಭ್ಯಾಸದಿಂದ ಹಿಡಿತ ಬರುವುದು ಈ ಕಾರಣಕ್ಕೆ.

ನಿಧಾನದ ಲೆಕ್ಕ

ಸಾಮಾನ್ಯ ಉಸಿರೊಂದರಲ್ಲಿ ಸುಮಾರು 500 ಮಿ.ಲೀ. ಗಾಳಿ ಒಳಬರುತ್ತದೆ. ಅದರಲ್ಲಿ 150 ಮಿ.ಲೀ.ಯಷ್ಟು ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದು ರಕ್ತಕ್ಕೆ ಉಪಯೋಗವಾಗದೆ ಹೊರಹೋಗುತ್ತದೆ. ನಿಮಿಷಕ್ಕೆ 12 ಬಾರಿ 500 ಮಿ.ಲೀ. ಎಳೆದರೆ ಒಟ್ಟು 6 ಲೀಟರ್, ಅದರಲ್ಲಿ ಕೆಲಸಕ್ಕೆ ಬರುವುದು 4.2 ಲೀಟರ್. ಅದೇ 6 ಲೀಟರನ್ನು 24 ಚಿಕ್ಕ ಉಸಿರುಗಳಲ್ಲಿ, 250 ಮಿ.ಲೀ.ಯಂತೆ ಎಳೆದರೆ ಕೆಲಸಕ್ಕೆ ಬರುವುದು 2.4 ಲೀಟರ್ ಮಾತ್ರ. 6 ಉಸಿರಿನಲ್ಲಿ ಒಂದೊಂದು ಲೀಟರಿನಂತೆ ಎಳೆದರೆ 5.1 ಲೀಟರ್. ಗಡಿಬಿಡಿಯ ಮೇಲುಸಿರಿನಲ್ಲಿ ದುಡಿಮೆ ಹೆಚ್ಚು, ಫಲ ಕಡಿಮೆ.

ಹಾಗೆಂದು ನಿಧಾನ ಉಸಿರಿನಿಂದ ರಕ್ತದ ಆಮ್ಲಜನಕ ಏರಿಬಿಡುತ್ತದೆ ಎಂದು ತಿಳಿಯಬೇಡಿ. ಆರೋಗ್ಯವಂತರ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರೆ ಶೇ. 97, 98 ಎಂದು ಮೊದಲೇ ತೋರಿಸುತ್ತದೆ, ಏರಲು ಅಲ್ಲಿ ಜಾಗವೇ ಇಲ್ಲ. ಸ್ನಾಯುಗಳು ಇದರಿಂದ ಭಾರಿ ಬಲಗೊಳ್ಳುವುದೂ ಇಲ್ಲ. ಬಲ ಬರಬೇಕಾದರೆ ತಡೆಯ ವಿರುದ್ಧ ಎಳೆಯಬೇಕು, ಅದಕ್ಕೆ ಬೇರೆ ಸಾಧನಗಳಿವೆ. ನಿಧಾನ ಉಸಿರಿನಿಂದ ಸಿಗುವುದು ಬೇಡದ ಸ್ನಾಯುಗಳಿಗೆ ವಿಶ್ರಾಂತಿ, ಉಸಿರಿನ ಮೇಲೆ ಹಿಡಿತ ಮತ್ತು ಮನಸ್ಸಿಗೆ ನೆಮ್ಮದಿ. ದಿನಕ್ಕೆ ಸುಮಾರು 20 ಸಾವಿರ ಬಾರಿ ಉಸಿರಾಡುವ ದೇಹಕ್ಕೆ ಇದು ಸಣ್ಣ ಲಾಭವಲ್ಲ.

ಚೆನ್ನೈನವರಿಗೆ ಇನ್ನೊಂದು ಮಾತು. ಮೇ ತಿಂಗಳ ಸೆಕೆಯಲ್ಲಿ ‘ಗಾಳಿಯಲ್ಲಿ ಆಮ್ಲಜನಕವೇ ಇಲ್ಲ’ ಎನಿಸಿ ಹಲವರು ಬಾಯಿ ತೆರೆದು ಜೋರಾಗಿ ಉಸಿರೆಳೆಯುತ್ತಾರೆ. ಹೊರಗಿನ ಗಾಳಿ ಒಣಗಿರಲಿ, ತೇವವಾಗಿರಲಿ, ಶ್ವಾಸಕೋಶದ ಆಳ ತಲುಪುವ ಹೊತ್ತಿಗೆ ಮೂಗು ಮತ್ತು ಶ್ವಾಸನಾಳ ಅದನ್ನು ದೇಹದ ಬಿಸಿಗೆ ತಂದು ಪೂರ್ತಿ ತೇವ ಮಾಡಿರುತ್ತವೆ. ಬೆಂಗಳೂರಾಗಲಿ ಚೆನ್ನೈಯಾಗಲಿ, ಒಳಗೆ ತಲುಪುವ ಗಾಳಿಯ ತೇವ ಒಂದೇ. ಬೆವರು ಆರದೆ ಮೈ ಬಿಸಿಯಾಗುವುದರಿಂದ ಬರುವ ಸಂಕಟ ಅದು. ಅದಕ್ಕೆ ಮದ್ದು ನೆರಳು, ನೀರು, ಫ್ಯಾನು. ಜೋರುಸಿರಿನಿಂದ ಏನೂ ಪ್ರಯೋಜನವಿಲ್ಲ.

ಮೊದಲು ನಿಮ್ಮ ಉಸಿರನ್ನು ನೋಡಿಕೊಳ್ಳಿ

ಕನ್ನಡಿಯ ಮುಂದೆ ಕುಳಿತು ಒಂದು ಕೈಯ ಬೆರಳುಗಳನ್ನು ಕೊರಳೆಲುಬಿನ ಮೇಲಿನ ಆ ಓರೆ ಸ್ನಾಯುವಿನ ಮೇಲೆ ಹಗುರವಾಗಿ ಇಡಿ. ಇನ್ನೊಂದು ಅಂಗೈಯನ್ನು ಪಕ್ಕೆಯ ಕೆಳಭಾಗದಲ್ಲಿ, ಹೆಬ್ಬೆರಳು ಬೆನ್ನ ಕಡೆಗೂ ಉಳಿದ ಬೆರಳುಗಳು ಮುಂದಕ್ಕೂ ಇರುವಂತೆ ಇಡಿ. ಏನನ್ನೂ ಬದಲಿಸದೆ ಒಂದು ನಿಮಿಷ ಉಸಿರಾಡಿ. ಕತ್ತಿನ ಕೈಗೆ ಏನೂ ತಿಳಿಯದೆ, ಪಕ್ಕೆಯ ಕೈ ತುಸು ಹೊರಕ್ಕೆ ಸರಿದರೆ ಚೆನ್ನಾಗಿದೆ. ಕತ್ತಿನ ಸ್ನಾಯು ಪ್ರತಿ ಉಸಿರಿಗೂ ಗಟ್ಟಿಯಾಗುತ್ತಿದ್ದರೆ ಕೆಳಗಿನ ಅಭ್ಯಾಸ ನಿಮಗೆ ಬೇಕು.

ಅಭ್ಯಾಸದ ಕ್ರಮ

ಊಟವಾಗಿ ಎರಡು ಗಂಟೆ ಕಳೆದಿರಲಿ. ಬೆಲ್ಟು, ಲಂಗದ ಲಾಡಿ, ಬಿಗಿ ಚೂಡಿದಾರದ ಕಟ್ಟು ಸಡಿಲಿಸಿಕೊಳ್ಳಿ. ಸೊಂಟವನ್ನು ಬಿಗಿದುಕೊಂಡು ವಪೆಗೆ ಇಳಿಯಲು ಹೇಳುವುದು ನ್ಯಾಯವಲ್ಲ. ಬಾಯಿ ಮುಚ್ಚಿ ಮೂಗಿನಿಂದಲೇ ಉಸಿರಾಡಿ. ಮೂಗಿನ ದಾರಿ ಕಿರಿದಾದ್ದರಿಂದ ಉಸಿರು ತಾನಾಗಿ ನಿಧಾನವಾಗುತ್ತದೆ, ಧೂಳೂ ಸೋಸಿಹೋಗುತ್ತದೆ.

1. ಮಲಗಿ ಶುರುಮಾಡಿ. ಚಾಪೆಯ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಚಿ. ಮಲಗಿದಾಗ ಹೊಟ್ಟೆಯೊಳಗಿನ ಅಂಗಗಳು ವಪೆಯನ್ನು ಮೇಲಕ್ಕೆ ತಳ್ಳಿ ಅದರ ಎಳೆಗಳನ್ನು ಉದ್ದವಾಗಿಸುತ್ತವೆ. ಉದ್ದವಾದ ಸ್ನಾಯು ಚೆನ್ನಾಗಿ ಎಳೆಯುತ್ತದೆ. ಈ ಭಂಗಿಯಲ್ಲಿ ಹೊಟ್ಟೆಯೇ ಹೆಚ್ಚು ಅಲುಗುತ್ತದೆ, ಅಲುಗಲಿ.

2. ಮೊದಲು ಬಿಡಿ, ಆಮೇಲೆ ಎಳೆಯಿರಿ. ಹೊಸಬರು ಎಳೆಯುವುದರಿಂದ ಶುರುಮಾಡುತ್ತಾರೆ, ಎಡವುವುದೂ ಅಲ್ಲೇ. ಸದ್ದಿಲ್ಲದೆ, ಆತುರವಿಲ್ಲದೆ ಉಸಿರು ಬಿಡಿ. ಮುಗಿಯುತ್ತ ಬಂದಾಗ ಹೊಕ್ಕುಳಿನ ಕೆಳಭಾಗವನ್ನು ಮೆತ್ತಗೆ ಒಳಕ್ಕೆ ತಂದುಕೊಳ್ಳಿ. ಹಿಂಡಬೇಡಿ. ಬಿಟ್ಟ ಮೇಲೆ ಒಂದು ಕ್ಷಣ ಸುಮ್ಮನಿರಿ. ಈಗ ಹೊಟ್ಟೆಯನ್ನು ಸಡಿಲಿಸಿದರೆ ಉಸಿರು ತಾನಾಗಿ ಒಳಬರುತ್ತದೆ, ಕತ್ತಿಗೆ ಕೆಲಸವೇ ಇರುವುದಿಲ್ಲ. ಮೊದಲ ವಾರ ಇಷ್ಟೇ ಸಾಕು, ಹೊತ್ತಿಗೆ ಐದು ನಿಮಿಷದಂತೆ ದಿನಕ್ಕೆ ಎರಡು ಹೊತ್ತು.

3. ಪಕ್ಕೆಗೆ ಕೈ ಕೊಡಿ. ಎರಡೂ ಅಂಗೈಗಳನ್ನು ಪಕ್ಕೆಯ ಕೆಳಭಾಗಕ್ಕೆ ಇಟ್ಟು, ಮುಂದೆ ನಡುಬೆರಳುಗಳ ತುದಿ ತಾಗುವಂತೆ ಹೊಂದಿಸಿ. ಉಸಿರು ಒಳಬಂದಾಗ ತುದಿಗಳ ನಡುವೆ ಸಣ್ಣ ಸಂದು ಬಿಡಬೇಕು, ಬಿಟ್ಟಾಗ ಮತ್ತೆ ತಾಗಬೇಕು. ಬೆನ್ನ ಕಡೆ ಹೆಬ್ಬೆರಳಿಗೂ ಒತ್ತು ತಿಳಿದರೆ ಇನ್ನೂ ಒಳ್ಳೆಯದು.

4. ಕುಳಿತು ಮಾಡಿ. ಕುರ್ಚಿಯಲ್ಲಿ ಪಾದ ನೆಲಕ್ಕೂರಿ ಕುಳಿತುಕೊಳ್ಳಿ. ನೆಲದಲ್ಲಿ ಕೂರುವವರು ಮಡಚಿದ ಕಂಬಳಿಯ ಮೇಲೆ ಕೂತು ಸೊಂಟವನ್ನು ಮೊಣಕಾಲಿಗಿಂತ ಎತ್ತರಕ್ಕೆ ತಂದುಕೊಳ್ಳಿ. ಕುಳಿತಾಗ ಹೊಟ್ಟೆಯ ಚಲನೆ ಕಡಿಮೆಯಾಗಿ ಪಕ್ಕೆಗಳ ಚಲನೆ ಹೆಚ್ಚುವುದು ಸಹಜ. ‘ಮಲಗಿದಾಗ ಬಂದದ್ದು ಕುಳಿತಾಗ ಹೋಯಿತು’ ಎಂದು ಹೆದರಬೇಡಿ. ಆದರೆ ಬೆನ್ನು ಬಗ್ಗಿಸಿ ಲ್ಯಾಪ್‌ಟಾಪಿಗೆ ಜೋತುಬಿದ್ದರೆ ಹೊಟ್ಟೆ ಮಡಚಿಕೊಂಡು ವಪೆಯ ದಾರಿಗೆ ಅಡ್ಡವಾಗುತ್ತದೆ. ಓಎಂಆರ್ ರಸ್ತೆಯ ಕಚೇರಿಗಳಲ್ಲಿ ದಿನವಿಡೀ ಕೂರುವವರಿಗೆ ಗಂಟೆಗೊಮ್ಮೆ ಎದ್ದು ಮೂರು ಉಸಿರು ಬಿಡುವುದೇ ದೊಡ್ಡ ಉಪಕಾರ.

5. ಎಣಿಕೆ ಸೇರಿಸಿ. ಮೂರು ಎಣಿಸುವವರೆಗೆ ಎಳೆದು ನಾಲ್ಕು ಎಣಿಸುವವರೆಗೆ ಬಿಡಿ. ಒಗ್ಗಿದ ಮೇಲೆ ನಾಲ್ಕು ಸೆಕೆಂಡು ಎಳೆದು ಆರು ಸೆಕೆಂಡು ಬಿಡಿ, ಆಗ ನಿಮಿಷಕ್ಕೆ ಆರು ಉಸಿರಾಗುತ್ತದೆ. ಇಟಲಿಯ ಲೂಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯೂ ಯೋಗದ ಮಂತ್ರವೂ ಉಸಿರನ್ನು ಹೆಚ್ಚುಕಡಿಮೆ ಇದೇ ಗತಿಗೆ ತಂದವು, ಹೃದಯದ ಬಡಿತ ಮತ್ತು ರಕ್ತದೊತ್ತಡದ ಏರಿಳಿತಗಳು ಆಗ ಒಂದಕ್ಕೊಂದು ಹೊಂದಿಕೊಂಡವು. ಎಣಿಸುವುದು ಬೇಸರ ಎನ್ನುವವರು ವಿಷ್ಣು ಸಹಸ್ರನಾಮವನ್ನು ಅರ್ಧ ಶ್ಲೋಕಕ್ಕೊಂದು ಉಸಿರಿನಂತೆ ನಿಧಾನವಾಗಿ ಹೇಳಬಹುದು. ಬಾಯಲ್ಲಿ ಮಾತಿರುವಷ್ಟು ಹೊತ್ತೂ ಉಸಿರು ಹೊರಗೆ ಹರಿಯುತ್ತಿರುತ್ತದೆ.

6. ನಡೆಯುವಾಗ, ಹತ್ತುವಾಗ. ಪರಂಗಿಮಲೈಯ ನೂರಕ್ಕೂ ಹೆಚ್ಚು ಮೆಟ್ಟಿಲನ್ನೋ ಮೆಟ್ರೊ ನಿಲ್ದಾಣದ ಮೆಟ್ಟಿಲನ್ನೋ ಹತ್ತುವಾಗ ಬಹಳ ಜನ ತಿಳಿಯದೆಯೇ ಉಸಿರು ಬಿಗಿಹಿಡಿಯುತ್ತಾರೆ, ಮೇಲೆ ತಲುಪಿ ಏದುಸಿರು ಬಿಡುತ್ತಾರೆ. ಎರಡು ಮೆಟ್ಟಿಲಿಗೆ ಎಳೆದು ಮೂರು ಮೆಟ್ಟಿಲಿಗೆ ಬಿಡಿ. ವೇಗ ಹೆಚ್ಚಿದಾಗ ಬಾಯಿ ತೆರೆಯಬೇಕೆನಿಸಿದರೆ ತೆರೆಯಿರಿ, ಕತ್ತೂ ಎದೆಯೂ ಸೇರಿಕೊಂಡರೆ ಸೇರಿಕೊಳ್ಳಲಿ. ಅವು ಇರುವುದೇ ಅಂಥ ಹೊತ್ತಿಗೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಹೊಟ್ಟೆಯನ್ನು ಬಲವಂತವಾಗಿ ಮುಂದೂಡುವುದು. ಒಂದು ಪರೀಕ್ಷೆ ಮಾಡಿ: ಮೂಗು ಬಾಯಿ ಎರಡನ್ನೂ ಮುಚ್ಚಿಕೊಂಡು ಹೊಟ್ಟೆಯನ್ನು ಉಬ್ಬಿಸಿ. ಉಬ್ಬುತ್ತದೆ, ಒಂದು ಚೂರು ಗಾಳಿಯೂ ಒಳಬಂದಿಲ್ಲ. ಹೊಟ್ಟೆ ಉಬ್ಬಿಸುವುದೂ ಉಸಿರು ಎಳೆಯುವುದೂ ಬೇರೆ ಬೇರೆ ಎಂದು ಇದರಿಂದಲೇ ತಿಳಿಯುತ್ತದೆ.

ಎರಡನೆಯದು ಅತಿಯಾಗಿ ತುಂಬಿಕೊಳ್ಳುವುದು. ‘ಆಳವಾಗಿ’ ಎಂದರೆ ಸಿಡಿಯುವಷ್ಟು ಎಂದಲ್ಲ. ಕೊನೆಯ ಆ ಒಂದಿಷ್ಟು ಗಾಳಿಗಾಗಿಯೇ ಕತ್ತಿನ ಸ್ನಾಯುಗಳು ಎದ್ದು ನಿಲ್ಲುವುದು. ಸಾಮರ್ಥ್ಯದ ಮುಕ್ಕಾಲಿಗಿಂತ ಕಡಿಮೆಯಲ್ಲೇ ನಿಲ್ಲಿಸಿ.

ಕೋವಿಡ್ ಕಾಲದಲ್ಲಿ ಅನೇಕ ಮನೆಗಳಿಗೆ ಬಂದ ಮೂರು ಚೆಂಡಿನ ಸ್ಪೈರೊಮೀಟರ್ ಈಗಲೂ ಶೋಕೇಸಿನಲ್ಲಿ ಇರುತ್ತದೆ. ಅದಕ್ಕೆ ಊದುವವರಿದ್ದಾರೆ. ಅದು ಎಳೆದುಕೊಳ್ಳುವ ಸಾಧನ. ಅದರ ಮೇಲೆ ಬರೆದಿರುವ 600, 900, 1200 ಎಂಬ ಅಂಕಿಗಳು ಸೆಕೆಂಡಿಗೆ ಎಷ್ಟು ಮಿ.ಲೀ. ವೇಗ ಎಂಬುದನ್ನು ಹೇಳುತ್ತವೆ, ಶ್ವಾಸಕೋಶ ಎಷ್ಟು ತುಂಬಿತು ಎಂಬುದನ್ನಲ್ಲ. ಮೂರೂ ಚೆಂಡನ್ನು ಒಮ್ಮೆಗೇ ಹಾರಿಸುವ ಹಟದಲ್ಲಿ ಕತ್ತು ಸೆಟೆಯುತ್ತದೆ. ಆರೋಗ್ಯವಂತರು ಒಂದೇ ಚೆಂಡನ್ನು ಎತ್ತಿ ಆದಷ್ಟು ಹೊತ್ತು ನಿಲ್ಲಿಸುವುದು ಮೇಲು.

ಎಚ್ಚರಿಕೆ

ತಲೆ ತಿರುಗಿದರೆ, ತುಟಿ ಅಥವಾ ಬೆರಳು ಜುಮ್ಮೆಂದರೆ ಅಭ್ಯಾಸ ನಿಲ್ಲಿಸಿ ಸಹಜವಾಗಿ ಉಸಿರಾಡಿ. ಬೇಕಾದದ್ದಕ್ಕಿಂತ ಹೆಚ್ಚು ಗಾಳಿ ಆಡಿಸಿದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ಅದರ ಲಕ್ಷಣ ಇದು. ಇದನ್ನು ‘ಶಕ್ತಿ ಏರುತ್ತಿದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಜುಕೊಳದಲ್ಲಾಗಲಿ ಬಾವಿಯಲ್ಲಾಗಲಿ, ಜೋರಾಗಿ ಹಲವು ಬಾರಿ ಉಸಿರಾಡಿ ಆಮೇಲೆ ಮುಳುಗಿ ದಮ್ಮು ಹಿಡಿಯುವ ಪಂದ್ಯ ಆಡಲೇಬೇಡಿ, ಮಕ್ಕಳನ್ನೂ ಬಿಡಬೇಡಿ. ಉಸಿರಾಡು ಎಂದು ಎಚ್ಚರಿಸುವುದು ಆ ಇಂಗಾಲದ ಡೈಆಕ್ಸೈಡೇ. ಅದು ಇಳಿದಿದ್ದರೆ ಎಚ್ಚರಿಕೆ ಬರುವ ಮೊದಲೇ ನೀರೊಳಗೆ ಪ್ರಜ್ಞೆ ತಪ್ಪಬಹುದು.

ಬಸುರಿಯರು, ಹರ್ನಿಯಾ ಇರುವವರು, ಹತೋಟಿಯಲ್ಲಿಲ್ಲದ ರಕ್ತದೊತ್ತಡದವರು, ಈಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು ಕಪಾಲಭಾತಿ, ಭಸ್ತ್ರಿಕಗಳಿಂದ ದೂರವಿರಲಿ. ಅಸ್ತಮಾ, ಸಿಒಪಿಡಿ ಇರುವವರಿಗೆ ಈ ಲೇಖನದ ಕ್ರಮ ಹಾಗೇ ಹೊಂದುವುದಿಲ್ಲ. ಗಾಳಿ ಒಳಗೆ ಸಿಕ್ಕಿಬಿದ್ದು ಎದೆ ಹಿಗ್ಗಿದ ರೋಗಿಗಳಲ್ಲಿ ವಪೆ ಮೊದಲೇ ಚಪ್ಪಟೆಯಾಗಿರುತ್ತದೆ, ಇನ್ನೂ ಇಳಿಸಲು ಹೋದರೆ ಶ್ರಮವೇ ಹೆಚ್ಚಾಗಬಹುದು. ಅವರಿಗೆ ತಜ್ಞರ ಹತ್ತಿರ ಕಲಿಯುವುದೇ ದಾರಿ. ಭೋಗಿಯ ಬೆಳಿಗ್ಗೆ ಹಳೆ ಚಾಪೆ, ಟೈರು ಸುಡುವ ಹೊಗೆ ಬೀದಿಯಲ್ಲಿ ಕವಿದಿರುವಾಗ, ದೀಪಾವಳಿಯ ಮರುದಿನ, ಟೆರೇಸಿನ ಮೇಲೆ ಆಳವಾದ ಉಸಿರಾಟ ಯಾರಿಗೂ ಬೇಡ. ಕಿಟಕಿ ಮುಚ್ಚಿ ಒಳಗೇ ಇರಿ.

ಅಂಗಾತ ಮಲಗಿದರೆ ಉಸಿರು ಕಟ್ಟುವುದು, ರಾತ್ರಿ ಉಸಿರಿಗಾಗಿ ಎದ್ದು ಕೂರುವುದು, ಮೊದಲು ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲಿಗೆ ಈಗ ದಮ್ಮು ಬರುವುದು, ಎರಡು ವಾರ ದಾಟಿದ ಕೆಮ್ಮು, ಇವು ಯಾವುದಿದ್ದರೂ ವೈದ್ಯರನ್ನು ಕಾಣಿ, ಪ್ರಾಣಾಯಾಮದಿಂದ ಹೋದೀತೆಂದು ಕಾಯಬೇಡಿ. ಎದೆನೋವು ಬಂದರೆ, ತುಟಿ ನೀಲಿಗಟ್ಟಿದರೆ ತಡಮಾಡದೆ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ. ತಾಂಬರಂನಲ್ಲಿ ಸರ್ಕಾರಿ ಎದೆರೋಗ ಆಸ್ಪತ್ರೆಯೇ ಇದೆ. ಡಾ. ಡೇವಿಡ್ ಚೌರಿ ಮುತ್ತು 1928ರಲ್ಲಿ ಕ್ಷಯರೋಗಿಗಳಿಗಾಗಿ ತೆರೆದ ಸ್ಯಾನಿಟೋರಿಯಂ ಈ ಆಸ್ಪತ್ರೆಯಾಗಿ ಬೆಳೆದಿದೆ, ಪಕ್ಕದ ರೈಲು ನಿಲ್ದಾಣಕ್ಕೂ ಅದರದೇ ಹೆಸರು. ವೈದ್ಯರು ಸ್ಪೈರೊಮೆಟ್ರಿ ಎಂಬ ಉಸಿರಿನ ಪರೀಕ್ಷೆ ಬರೆದುಕೊಟ್ಟರೆ ಆ ದಿನ ಹೊಟ್ಟೆ ಬಿರಿಯ ತಿನ್ನಬೇಡಿ, ಸಡಿಲ ಬಟ್ಟೆ ತೊಟ್ಟು ಹೋಗಿ. ಇನ್‌ಹೇಲರ್ ಬಳಸುವವರು ಅಂದು ಬೆಳಿಗ್ಗೆ ಅದನ್ನು ತೆಗೆದುಕೊಳ್ಳಬೇಕೋ ಬಿಡಬೇಕೋ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.